ಬಳ್ಳಿಗೆ ಕಟ್ಟಿದ ಅಟ್ಟ

ತಿಪಟೂರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದ ತೋಂಟದಾರ್ಯನ ಅಂಗಡಿ ಎಷ್ಟು ಕಿರಿದಾಗಿತ್ತೆಂದರೆ, ಗಿರಾಕಿ ಒಳಗೆ ಬಂದರೆ ತೋಂಟದಾರ್ಯ ಹೊರಗೆ ಹೋಗಬೇಕಿತ್ತು. ಇಬ್ಬರೂ ಒಳಗಿರಬೇಕಾದರೆ ಯಾವುದಾದರೂ ಒಂದು ದೇವರನ್ನು ಬೀದಿಗಿಳಿಸಬೇಕಿತ್ತು. ಗಾಜು ಕೊಯ್ದು ಕೊಯ್ದು ಅವನ ಬೆರಳುಗಳ ಮೇಲೆ ಬಿದ್ದಿದ್ದ ಗೆರೆಗಳನ್ನು ನೋಡಿದರೆ ಜ್ಯೋತಿಷಿಗಳು ಅಂಗೈ ಬಿಟ್ಟು ಬೆರಳನ್ನೇ ಓದುತ್ತಿದ್ದರು. ಮಾತು ಕಡಿಮೆ. ವರ್ಷಕ್ಕೆ ಒಂದು ಸೇರು ಮಾತು ಆಡಿದ್ದರೆ ಹೆಚ್ಚು, ಅದರಲ್ಲೂ ಮುಕ್ಕಾಲು ಪಾಲು ಬಸ್ಸಿನ ಕಂಡಕ್ಟರಿಗೇ ಖರ್ಚಾಗುತ್ತಿತ್ತು, ಏಕೆಂದರೆ ಮನೆ ಇದ್ದದ್ದು ಅರಳಗುಪ್ಪೆಯಲ್ಲಿ.

ಆ ಮನೆಯ ಯಜಮಾನಿಕೆ ಅವನ ತಾಯಿ ಗುರುಶಾಂತಮ್ಮನದು. ಅವನ ಹೆಂಡತಿ ಸರ್ವಮಂಗಳ ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿದ್ದರೂ ಒಂದು ಕೆಲಸ ಮಾತ್ರ ಅವಳ ಕೈಗೆ ಬಂದಿರಲಿಲ್ಲ. ಅಟ್ಟದ ಕೆಲಸ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಕೆಳಗಿನ ಒಲೆಯ ಹೊಗೆ ತಾಗುವಂತೆ ವರ್ಷದ ಹತ್ತಿರ ಮಲಗಿಸಿಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಉಂಡೆಯಾಗುತ್ತದೆ. ಒಮ್ಮೆ ಹಾಕಿದ ಮೇಲೆ ಮುಟ್ಟಬಾರದು, ಬಾಗಿಲು ತೆರೆದಿಡಬಾರದು, ಇಣುಕಿಯೂ ನೋಡಬಾರದು. ಗುರುಶಾಂತಮ್ಮನ ಅಟ್ಟದ ಬಾಗಿಲು ತೆರೆದಿದ್ದನ್ನು ಕಂಡವರು ಅರಳಗುಪ್ಪೆಯಲ್ಲಿ ಇರಲಿಲ್ಲ. ಅವಳ ಅಟ್ಟದೊಳಗೆ ಹುಟ್ಟಿದ ಇಲಿ ಕೂಡ ಹೊರದಾರಿ ಸಿಕ್ಕದೆ ಅಲ್ಲೇ ಮುದಿಯಾಗಿ ಸಾಯುತ್ತಿತ್ತು ಎಂದು ಊರು ನಗುತ್ತಿತ್ತು.

ಅವಳಿಗೆ ಇದ್ದ ಇನ್ನೊಂದು ಆಸ್ತಿಯೆಂದರೆ ವೀಳ್ಯದೆಲೆ ಬಳ್ಳಿ. ತುರುವೇಕೆರೆ ಕಡೆಯ ತವರಿನಿಂದ ಮದುವಣಗಿತ್ತಿಯಾಗಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನುಗ್ಗೆ ಮರಕ್ಕೆ ಹಬ್ಬಿಸಿದ್ದಳು. ಆ ಎಲೆಯಲ್ಲಿ ಮೊದಲು ಖಾರ, ಆಮೇಲೆ ನಾಲಿಗೆಯ ಬುಡದಲ್ಲಿ ಸಣ್ಣಗೆ ಸಿಹಿ. ಬೇರೆ ಎಲೆಯನ್ನು ಬೀದಿಯ ಆ ತುದಿಯಲ್ಲಿ ಹಿಡಿದರೆ ಈ ತುದಿಯಲ್ಲಿ ಅವಳು ಮೂಗು ಮುರಿಯುತ್ತಿದ್ದಳು. ಹಲ್ಲು ಬಿದ್ದ ಮೇಲೆ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದಳು. ಮುಂಜಾನೆ ಆ ಟಣಟಣ ಕೇಳದಿದ್ದರೆ ನಮ್ಮೂರಿನಲ್ಲಿ ಸೂರ್ಯನಿಗೂ ಹುಟ್ಟುವ ಧೈರ್ಯವಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಬಳ್ಳಿಯ ಬುಡದಲ್ಲಿ ನೀರು ನಿಂತು ಬೇರು ಕೊಳೆಯಿತು, ಎಲೆಗಳು ಕೆಳಗಿನಿಂದ ಒಂದೊಂದಾಗಿ ಹಳದಿಯಾದವು. ಅದೇ ಮಳೆಗಾಲದಲ್ಲಿ ಗುರುಶಾಂತಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಡಾಕ್ಟರು ಮಗನನ್ನು ಹೊರಗೆ ಕರೆದು, ಈ ವಯಸ್ಸಿನಲ್ಲಿ ಮೂಳೆ ಕೂಡುವುದಿಲ್ಲ, ಬೇಸಿಗೆ ಕಂಡರೆ ಪುಣ್ಯ ಎಂದರು. ಹೊರಗೆ ಹೇಳಿದ್ದು ಒಳಗಿದ್ದ ಮುದುಕಿಗೆ ಹೇಗೆ ಗೊತ್ತಾಯಿತೋ!

"ಡಾಕ್ಟ್ರು ಏನಂದ್ರು ಅಂತ ನಂಗ್ ಹೇಳ್ಬೇಡ ಕಣ್ಲಾ," ಎಂದಳು. "ನಂಗ್ ಬೇರೇನೂ ಬ್ಯಾಡ. ಹೋಗೋಕ್ ಮುಂಚೆ ನಮ್ ಬಳ್ಳೀದು ಒಂದೆಲೆ ಬಾಯಿಗ್ ಹಾಕ್ಕಂಡ್ ಹೋಗ್ತೀನಿ. ಅಷ್ಟ್ ಮಾಡ್‌ಕೊಡು."

ತೋಂಟದಾರ್ಯ ನುಗ್ಗೆ ಮರ ಹತ್ತಿ, ತುದಿಯಲ್ಲಿ ಇನ್ನೂ ಹಸುರಾಗಿದ್ದ ಬಳ್ಳಿಯನ್ನು ಗೆಣ್ಣುಗೆಣ್ಣಿಗೆ ಕತ್ತರಿಸಿ ತಂದು ನೆಟ್ಟ. ಆದರೆ ಅಷ್ಟರಲ್ಲಿ ಕಾರ್ತಿಕ ಕಳೆದು ಚಳಿಗಾಲ ಬಂದಿತ್ತು. ಆ ವರ್ಷದ ಚಳಿಗೆ ಮಾತಾಡಿದರೆ ಮಾತು ಗಟ್ಟಿಯಾಗಿ ಕಾಲ ಮೇಲೆ ಬೀಳುತ್ತಿತ್ತು. ಜಗಳವಾಡುವವರು ಬಿಸಿಲು ಬರುವ ತನಕ ಕಾಯುತ್ತಿದ್ದರು. ಒಣಗಾಳಿಗೆ ನೆಟ್ಟ ತುಂಡುಗಳಲ್ಲಿ ಅರ್ಧಕ್ಕರ್ಧ ಕಪ್ಪಾದವು.

ಊಟಿಯ ಯಾವುದೋ ಬಂಗಲೆಯಲ್ಲಿ ಮಾಲಿಯಾಗಿದ್ದು ಊರಿಗೆ ಮರಳಿದ್ದ ಗಿಡ್ಡಯ್ಯ ಒಂದು ದಿನ ಬಸವಣ್ಣನ ಪಟಕ್ಕೆ ಕಟ್ಟು ಹಾಕಿಸಲು ಅಂಗಡಿಗೆ ಬಂದ. ವಿಷಯ ಕೇಳಿ, ಮೂಲೆಯಲ್ಲಿ ಬಿದ್ದಿದ್ದ ಗಾಜಿನ ಚೂರುಗಳನ್ನು ನೋಡಿ ನಕ್ಕ.

"ಇಷ್ಟು ಗಾಜು ಮಡಿಕ್ಕಂಡು ಚಳಿ ಚಳಿ ಅಂತೀಯಲ್ಲಯ್ಯ! ದೊರೆಗಳು ಇಂಥದ್ರಾಗೆ ಹೂವಿನ ಸಸಿ ಸಾಕೋರು. ತಳ ಇಲ್ದಿರೋ ಒಂದು ಪೆಟ್ಟಿಗೆ ಮಾಡು. ಹಿಂದುಗಡೆ ಎತ್ತರ, ಮುಂದುಗಡೆ ತಗ್ಗು. ಮೇಲೆ ಗಾಜಿನ ಮುಚ್ಚಳ. ಒಳಗೆ ಮಳೆಗಾಲನೂ ಇರ್ತೈತೆ, ಬೇಸಿಗೇನೂ ಇರ್ತೈತೆ."

"ಚಳಿ?"

"ಚಳಿ ಹೊರಗ್ ನಿಂತ್ಕಂಡು ನೋಡ್ತದೆ. ಒಂದೇ ಮಾತು ಕಣಪ್ಪ. ಬಿಸಿಲೇರೋ ಹೊತ್ಗೆ ಮುಚ್ಚಳ ಎತ್ತಿ ಕೋಲು ಕೊಡ್ಬೇಕು, ಸಂಜೆಗೆ ಇಳಿಸ್ಬೇಕು. ಮರೆತ್ಯೋ, ಸೊಪ್ಪು ಬೇಯಿಸ್ದಂಗೆ."

ತೋಂಟದಾರ್ಯ ಮುರಿದ ಬೆಲ್ಲದ ಪೆಟ್ಟಿಗೆಗಳ ಹಲಗೆ ಹೊಡೆದು ನಾಲ್ಕು ಪಕ್ಕ ಮಾಡಿದ. ಕೈಯಗಲದ್ದು, ಮೊಳದುದ್ದದ್ದು ಎಂದು ಸಿಕ್ಕ ಗಾಜನ್ನೆಲ್ಲ ಪಟಕ್ಕೆ ಹಾಕುವ ಚಿನ್ನದ ಬಣ್ಣದ ಪಟ್ಟಿಯಲ್ಲಿ ಕೂರಿಸಿ ಮುಚ್ಚಳ ಮಾಡಿದ. ಸೈಕಲ್ ಟ್ಯೂಬಿನ ತುಂಡುಗಳೇ ಅದಕ್ಕೆ ಕೀಲು. ಕೆಳಗೆ ಹಸಿ ಸಗಣಿ, ಅದರ ಮೇಲೆ ತೆಂಗಿನ ನಾರಿನ ಪುಡಿ, ಕೆರೆಯ ಮರಳು, ಹಳೆಯ ಗೊಬ್ಬರ. ಎಲೆಗೆ ನೇರ ಬಿಸಿಲು ತಾಕದಿರಲೆಂದು ಗಾಜಿಗೆ ತೆಳ್ಳಗೆ ಸುಣ್ಣ ಬಳಿದ. ಹಿತ್ತಲಲ್ಲಿ ಬೆಳಗಿನ ಬಿಸಿಲು ಬೀಳುವ ಗೋಡೆಗೆ ಒರಗಿಸಿ ಇಟ್ಟ. ಅಂಚಿನ ಚಿನ್ನದ ಬಣ್ಣ ನೋಡಿ ದಾರಿಹೋಕರು ಒಳಗೆ ಯಾವ ದೇವರಿದೆಯೋ ಎಂದು ಚಪ್ಪಲಿ ಬಿಟ್ಟು ಕೈ ಮುಗಿದು ಹೋಗುತ್ತಿದ್ದರು.

ಹಿತ್ತಲ ಜಗಲಿಯ ಮೇಲೆ ಚಾಪೆ ಹಾಸಿ ತಾಯಿಯನ್ನು ಬಿಸಿಲಿಗೆ ಕೂರಿಸುತ್ತಿದ್ದರು. ಅವಳ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ಗೊತ್ತಾಗುತ್ತಿತ್ತು.

"ಏನ್ಲಾ ಅದು ಫಳಫಳ ಅಂತೈತೆ?"

ತೋಂಟದಾರ್ಯ ವಿವರಿಸುವವನಲ್ಲ. ತಾಯಿಗೆ ತಿಳಿಯುವ ಹಾಗೆ ಒಂದೇ ಮಾತಲ್ಲಿ ಮುಗಿಸಿದ. "ನಿನ್ ಬಳ್ಳೀಗೆ ಅಟ್ಟ ಕಣವ್ವ."

ಮುದುಕಿಗೆ ಬಲು ಸಂತೋಷವಾಯಿತು. "ಅಟ್ಟ ಆದ್ರೆ ಸರಿ ಬುಡು," ಎಂದಳು. ಮಗ ಮೊದಲ ಸಲ ಬುದ್ಧಿವಂತಿಕೆಯ ಕೆಲಸ ಮಾಡಿದ್ದಾನೆಂದು ಬಂದವರಿಗೆಲ್ಲ ಹೇಳಿದಳು.

ಮುಚ್ಚಳ ಎತ್ತುವ, ಇಳಿಸುವ ಕೆಲಸ ಸರ್ವಮಂಗಳಳದು. ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ಉಳಿದ ತುಂಡುಗಳ ಗೆಣ್ಣಿನಲ್ಲಿ ಗಿಣಿಮೂಗಿನಂಥ ಚಿಗುರು ಒಡೆದವು. ಕೆಲವಕ್ಕೆ ಎಳೆಯ ಎಲೆಯೂ ಬಿಚ್ಚಿಕೊಂಡಿತು. ಗುರುಶಾಂತಮ್ಮನ ಊಟ ಅಷ್ಟರಲ್ಲಿ ಎರಡು ತುತ್ತು ಗಂಜಿಗೆ ಇಳಿದಿತ್ತು. ಇನ್ನು ಸ್ವಲ್ಪ ದಿನ, ಎಲೆ ಅಂಗೈಯಗಲ ಆಗಲಿ, ಕೊಯ್ಯೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಹುಳಿಯಾರಿನಿಂದ ಸರ್ವಮಂಗಳಳ ಚಿಕ್ಕಪ್ಪ ತೀರಿಕೊಂಡ ಸುದ್ದಿ ಬಂತು. ಅವಳು ಮುಚ್ಚಳಕ್ಕೆ ಕೋಲು ಕೊಟ್ಟು, ಅತ್ತೆಯ ಪಕ್ಕ ಗಂಜಿಯ ಲೋಟ ಇಟ್ಟು, "ಮಣ್ಣು ಮುಗಿಸ್ಕಂಡು ಸಂಜೆಗೆ ಬತ್ತೀನಿ ಕಣವ್ವ" ಎಂದು ಬಸ್ಸು ಹತ್ತಿದಳು. ತೋಂಟದಾರ್ಯ ಆಗಲೇ ಅಂಗಡಿಗೆ ಹೋಗಿದ್ದ.

ಬಿಸಿಲೇರಿತು. ಜಗಲಿಯ ಮೇಲಿದ್ದ ಗುರುಶಾಂತಮ್ಮನಿಗೆ ಪೆಟ್ಟಿಗೆಯ ಕಡೆಯಿಂದ ಪರಪರ ಸದ್ದು ಕೇಳಿಸಿತು. ಓತಿಕ್ಯಾತವೋ ಅಳಿಲೋ. ಅವಳಿಗೆ ಅದು ಇಲಿಯೇ. ಕಣ್ಣು ಕಿರಿದು ಮಾಡಿ ನೋಡಿದಳು: ಹೊಳೆಯುವುದು ಇರಬೇಕಾದ ಕಡೆ ಇಲ್ಲ, ಮೇಲೆದ್ದಿದೆ. ಅಟ್ಟ ತೆರೆದುಕೊಂಡಿದೆ! ಅವಳ ಬಳ್ಳಿಯಿದ್ದ ಅಟ್ಟವನ್ನು ಸೊಸೆ ಹಾರುಹೊಡೆದು ಹೋಗಿದ್ದಾಳೆ.

ಸೊಂಟ ಮುರಿದವಳು ಜಗಲಿಯಿಂದ ಹೇಗೆ ಇಳಿದಳೋ. ಅಂಡು ಎಳೆಯುತ್ತ ಹಿತ್ತಲು ದಾಟಿದಳು. ಕೋಲು ತೆಗೆದು ಮುಚ್ಚಳ ಇಳಿಸಿದಳು. ಇಲಿ ಎತ್ತದಿರಲೆಂದು, ಬಟ್ಟೆ ಒಗೆಯುವ ಕಡೆ ಸರ್ವಮಂಗಳ ಕೂರುತ್ತಿದ್ದ ಮಣೆಯನ್ನು ಮೇಲೆ ಹೇರಿದಳು. ಮತ್ತೆ ಜಗಲಿ ಹತ್ತಲಾಗದೆ ಕೆಳಗೇ ಗೋಡೆಗೆ ಒರಗಿ ಕೂತು, ದಣಿವಿಗೆ ನಿದ್ದೆ ಹೋದಳು.

ಸಂಜೆ ಬಂದ ತೋಂಟದಾರ್ಯನಿಗೆ ಮೊದಲು ಕಂಡದ್ದು ಮಣ್ಣಿನಲ್ಲಿ ಜಗಲಿಯಿಂದ ಪೆಟ್ಟಿಗೆಯವರೆಗೆ ಎಳೆದ ಗುರುತು. ಆಮೇಲೆ ಮಣೆ. ಮುಚ್ಚಳ ಎತ್ತಿದರೆ ಬೇಳೆಗೆ ಹಾಕಿ ಇಳಿಸಿದ ಸೊಪ್ಪಿನ ವಾಸನೆ ಮುಖಕ್ಕೆ ಹೊಡೆಯಿತು. ಚಿಗುರೆಲ್ಲ ಕಂದಿ ಮರಳಿಗೆ ಅಂಟಿಕೊಂಡಿತ್ತು. ನುಗ್ಗೆ ಮರದ ಬಳ್ಳಿ ಆಗಲೇ ಬುಡಸಮೇತ ಒಣಗಿತ್ತು. ಇನ್ನು ಎಲ್ಲಿಂದಲೂ ತರುವಂತಿರಲಿಲ್ಲ. ಅವನು ತಾಯಿಯನ್ನು ಎತ್ತಿಕೊಂಡು ಹೋಗಿ ಒಳಗೆ ಮಲಗಿಸಿದ. ಅವಳ ಅಂಗೈ ತರಚಿ ಹೋಗಿತ್ತು.

"ಅಟ್ಟ ತೆರೆದಿಟ್ಟು ಹೋಗವ್ಳೆ ನಿನ್ ಹೆಂಡ್ತಿ," ಎಂದಳು ಕಣ್ಣುಮುಚ್ಚಿಕೊಂಡೇ. "ನಾನ್ ನೋಡ್ಕಂಡೆ ಬುಡು. ಬಳ್ಳಿ ಹೆಂಗೈತೆ?"

"ಚಳೀಗ್ ಹೋಯ್ತು ಕಣವ್ವ."

"ಚಳೀಗಾ?"

"ಹೂಂ. ರಾತ್ರಿ ಬಲು ಚಳಿ ಬಿತ್ತು."

"ತತ್ತಾ ಇಲ್ಲಿ."

ಅವನು ಕದಲಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು. ಒಂದು ತುಂಡು ಕಿತ್ತು ತಂದು ತರಚಿದ ಅಂಗೈ ಮೇಲೆ ಇಟ್ಟ. ಅವಳು ಬೆರಳಲ್ಲಿ ಹೊಸಕಿದಳು, ಮೂಸಿದಳು. ಆರು ಸಾವಿರ ಸಲ ಸೊಪ್ಪು ಬೇಯಿಸಿದ ಕೈ ಅದು. ಚಳಿಗೆ ಸತ್ತದ್ದಕ್ಕೂ ಬೆಂದು ಸತ್ತದ್ದಕ್ಕೂ ವ್ಯತ್ಯಾಸ ಹೇಳಲು ಅದಕ್ಕೆ ಕಣ್ಣು ಬೇಕಿರಲಿಲ್ಲ.

"ಇದು ಬೆಂದಿರಾದು ಕಣ್ಲಾ," ಎಂದಳು ಮೆಲ್ಲಗೆ. "ಮುಚ್ಬಾರ್ದಾಗಿತ್ತಾ?"

ತೋಂಟದಾರ್ಯ ಬೆಂದ ತುಂಡನ್ನು ಅವಳ ಕೈಯಿಂದ ತೆಗೆದು, ತರಚಿದ ಅಂಗೈಗೆ ಕೊಬ್ಬರಿ ಎಣ್ಣೆ ಸವರಿದ.

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ತಾಯಿಯ ತವರಿನ ಕಡೆಯದಾದರೂ ಆಗಲೆಂದು ದಬ್ಬೇಘಟ್ಟದವರೆಗೆ ಹೋಗಿ, ಎಲೆ ಮಾರುವವರ ಮುಂದೆ ಕೂತು, ಒಂದೊಂದೇ ಎಲೆಯ ತುದಿ ಚಿವುಟಿ ನಾಲಿಗೆಗಿಟ್ಟು ನೋಡಿ, ನಾಲಿಗೆ ಸುಟ್ಟುಕೊಂಡು, ಹತ್ತಿರದ ರುಚಿಯ ಎಲೆ ತಂದ.

"ಅವ್ವಾ, ಒಂದು ಮೂಲೇಲಿ ಒಂದು ತುಂಡು ಉಳ್ಕಂಡಿತ್ತು ಕಣೇ. ನಂಗೇ ಕಂಡಿರ್ಲಿಲ್ಲ. ಇಕಾ, ಅದ್ರ ಎಲೆ."

ಸರ್ವಮಂಗಳ ಎಲೆ ಅಡಿಕೆ ಕುಟ್ಟಿ ಬಾಯಿಗಿಟ್ಟಳು. ಗುರುಶಾಂತಮ್ಮ ಬಹಳ ಹೊತ್ತು ಬೊಚ್ಚುಬಾಯಲ್ಲಿ ಆಡಿಸಿದಳು. ಬೀದಿಯ ಆ ತುದಿಯ ಎಲೆಯನ್ನು ಈ ತುದಿಯಲ್ಲೇ ಗುರುತು ಹಿಡಿಯುತ್ತಿದ್ದ ಹೆಂಗಸು.

"ನಮ್ದೇ ಕಣ್ಲಾ," ಎಂದಳು. "ಚೆನ್ನಾಗೈತೆ. ನೀನ್ ಹೋಗು, ಅಂಗಡಿ ತೆಗಿ."

ಅವನು ಹೊಸಿಲು ದಾಟಿದ ಮೇಲೆ ಸೊಸೆಗೆ ಸನ್ನೆ ಮಾಡಿ, ಬಾಯಲ್ಲಿದ್ದದ್ದನ್ನು ಅವಳ ಅಂಗೈಗೆ ಉಗಿದಳು. "ಅವನ್ಗೆ ಹೇಳ್ಬೇಡ ಕಣೇ." ಆಮೇಲೆ ಎಲೆಯ ಸುದ್ದಿ ಎತ್ತಲಿಲ್ಲ, ಗಂಜಿಯೂ ಸೇರಲಿಲ್ಲ. ಶಿವರಾತ್ರಿಗೆ ಮುಂಚೆಯೇ ಹೋದಳು. ಸರ್ವಮಂಗಳ ಗಂಡನಿಗೆ ಹೇಳಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ. ತಾನು ತಂದ ಎಲೆ ತನ್ನ ತಾಯಿಗೆ ತಿಳಿಯದೆ ಇರುತ್ತದೆಂದು ನಂಬುವಷ್ಟು ದಡ್ಡನಲ್ಲ ತೋಂಟದಾರ್ಯ.

ಮುಂದಿನ ಚಳಿಗಾಲಕ್ಕೆ ಸರ್ವಮಂಗಳ ಆ ಪೆಟ್ಟಿಗೆಯಲ್ಲಿ ಮೆಣಸಿನ ಬೀಜ ಚೆಲ್ಲಿದಳು. ಬೆಳಿಗ್ಗೆ ಕೋಲು ಕೊಟ್ಟು, ಸಂಜೆ ಇಳಿಸಿ, ಹಗಲೆಲ್ಲ ಅದರ ಪಕ್ಕದಲ್ಲೇ ಕೂತು ಅಕ್ಕಿ ಆರಿಸಿದಳು. ಸಸಿ ಎಷ್ಟು ದಟ್ಟವಾಗಿ ಬಂದವೆಂದರೆ ಅರಳಗುಪ್ಪೆಗೆಲ್ಲ ಹಂಚಿ, ಉಳಿದದ್ದನ್ನು ಬೇಡವೆಂದವರ ಹಿತ್ತಲಿಗೂ ಕದ್ದು ನೆಟ್ಟು ಬರಬೇಕಾಯಿತು. ತೋಂಟದಾರ್ಯ ಮಾತ್ರ ಹಿತ್ತಲಿಗೆ ಬರುವುದನ್ನು ಬಿಟ್ಟಿದ್ದ. ಸ್ನಾನಕ್ಕೂ ಕೆರೆಗೆ ಹೋಗುತ್ತಿದ್ದ, ಆ ಚಳಿಯಲ್ಲಿ.