ಸೋಮವಾರ ಐದು ಗಂಟೆಯ ಹೊಟ್ಟೆಕಿಚ್ಚು

ನನಗೆ ಜಪಾನಿನಲ್ಲಿ ಒಬ್ಬ ಸವತಿ ಇದ್ದಾಳೆ. ಮದುವೆಯನ್ನೇ ಆಗದವಳಿಗೆ ಸವತಿ ಎಲ್ಲಿಂದ ಬಂದಳು ಎಂದು ನೀವು ಕೇಳುವುದು ನ್ಯಾಯವೇ. ಆದರೆ ಸವತಿ ಬರಲು ಗಂಡನೇ ಬೇಕೆಂದಿಲ್ಲ, ಸಾಕಿದ ಮಗಳೊಬ್ಬಳಿದ್ದರೆ ಸಾಕು. ನನ್ನ ಸವತಿಯ ಹೆಸರು ಮೋರಿತಾ. ವಯಸ್ಸು ಎಂಬತ್ತು. ಒಂಟಿ ಜೀವ, ಮೊಣಕಾಲು ನೋವು, ಹಲ್ಲು ಕಟ್ಟಿಸಿಕೊಂಡದ್ದು. ನೋಡದ ಮುದುಕಿಯ ಹಲ್ಲಿನ ತನಕ ವಿಚಾರಿಸಿಟ್ಟುಕೊಂಡಿದ್ದೇನೆ ಎಂದ ಮೇಲೆ ನನ್ನ ರೋಗ ಎಷ್ಟು ಹಳೆಯದೆಂದು ನಿಮಗೆ ತಿಳಿದಿರಬೇಕು.

ನಾನು ಮೂವತ್ತೊಂದು ವರ್ಷ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು. ಅದಕ್ಕೂ ಮೊದಲು ಬೀದರ್ ಕಡೆಯ ಬೋರ್ಡಿಂಗ್ ಶಾಲೆಯಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಪ್ರಾರ್ಥನೆ ಮಾಡಿ ಬೆಳೆದವಳು. ನಿವೃತ್ತಳಾಗಿ ಸನತ್‌ನಗರದ ಎರಡು ಕೋಣೆಯ ಮನೆಗೆ ಬಂದ ಮೇಲೂ ಹಾಸಿಗೆಯ ಮೂಲೆಗಳನ್ನು ಅಳತೆ ಹಿಡಿದಂತೆ ಮಡಿಸುತ್ತೇನೆ. ತಂಗಿ ತೀರಿಕೊಂಡಾಗ ಅವಳ ನಾಲ್ಕು ವರ್ಷದ ಮಗಳು ಕರುಣಾ ನನ್ನ ಮನೆಗೆ ಬಂದಳು. ಹಾಸಿಗೆ ಮಡಿಸುವುದನ್ನು ಅವಳಿಗೂ ಕಲಿಸಿದೆ. ಇಪ್ಪತ್ತು ವರ್ಷ ಕಲಿಸಿದೆ. ಅವಳು ಕಲಿಯಲಿಲ್ಲ.

ಊರೆಲ್ಲ ಕಂಪ್ಯೂಟರಿನ ಹಿಂದೆ ಬಿದ್ದ ಕಾಲ ಅದು. ಅಮೀರ್‌ಪೇಟೆಯಲ್ಲಿ ಗೋಡೆ ಕಾಣದಂತೆ ಕೋಚಿಂಗ್ ಬೋರ್ಡುಗಳು ನೇತಾಡುತ್ತಿದ್ದವು. ಹುಮನಾಬಾದಿನ ಜಯಪಾಲ ಅಲ್ಲಿಯ ಹಾಸ್ಟೆಲೊಂದರಲ್ಲಿ ಒಂದು ಕೋಣೆಗೆ ಆರು ಜನರಂತೆ ಇದ್ದು ಕೋರ್ಸು ಮುಗಿಸಿ ಕಂಪನಿಯೊಂದಕ್ಕೆ ಸೇರಿದ. ಭಾನುವಾರ ನಮ್ಮ ಚರ್ಚಿನ ಕನ್ನಡ ಆರಾಧನೆಗೆ ಬಂದು ಕರುಣಾಳನ್ನು ನೋಡಿದ. ಒಳ್ಳೆಯ ಹುಡುಗ, ಬೂಟು ಒರೆಸಿಕೊಂಡು ಒಳಗೆ ಬರುತ್ತಿದ್ದ, ನಾನು ಒಪ್ಪಿದೆ. ಮದುವೆಯಾಗಿ ಮೂರನೆಯ ವಾರಕ್ಕೆ ಕಂಪನಿಯವರು ಅವನನ್ನು ಜಪಾನಿಗೆ ಕಳಿಸಿದರು. ಕರುಣಾ ಹೊಸ ಸೀರೆಗಳನ್ನು ಬಿಟ್ಟು ಸ್ವೆಟರುಗಳನ್ನು ತುಂಬಿಕೊಂಡು ಹೋದಳು.

ಪ್ರತಿ ಭಾನುವಾರ ಮಧ್ಯಾಹ್ನ ಫೋನು ಬರುತ್ತಿತ್ತು. ಮೊದಲ ತಿಂಗಳೆಲ್ಲ ಕಸದ ವಿಷಯ. ಅಲ್ಲಿ ಸುಡುವ ಕಸ ಬೇರೆ, ಸುಡದ ಕಸ ಬೇರೆ, ಬಾಟಲಿ ಬೇರೆ, ಬಾಟಲಿಯ ಮುಚ್ಚಳ ಬೇರೆ. ಒಂದೊಂದಕ್ಕೆ ಒಂದೊಂದು ದಿನ, ಬೆಳಿಗ್ಗೆ ಎಂಟರೊಳಗೆ ಹೊರಗಿಡಬೇಕು. ತಪ್ಪಿದರೆ ಕಸ ಹಾಗೇ ಬಾಗಿಲಿಗೆ ವಾಪಸ್ಸು. ನನ್ನ ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆಯನ್ನು ಕಿಟಕಿಯ ಮೇಲೆ ಇಟ್ಟು ಮರೆಯುತ್ತಿದ್ದ ಹುಡುಗಿ ಮುಚ್ಚಳಗಳನ್ನು ತೊಳೆದು ಒಣಗಿಸಿ ಇಡುತ್ತಾಳಂತೆ! ಚರ್ಚಿಗೆ ಹದಿನೈದು ನಿಮಿಷ ಮೊದಲೇ ಹೋಗಿ ಕುರ್ಚಿ ಸಾಲು ಸರಿ ಮಾಡುತ್ತಾಳಂತೆ! ಇಲ್ಲಿ ಮೊದಲನೆಯ ಗೀತೆ ಮುಗಿದ ಮೇಲೆ, ಜಡೆ ಕಟ್ಟಿಕೊಳ್ಳುತ್ತ ಒಳಗೆ ಬರುತ್ತಿದ್ದವಳು.

"ಇದನ್ನೆಲ್ಲ ಯಾರು ಕಲಿಸಿದರವ್ವ?" ಎಂದೆ, ಜಯಪಾಲನ ಹೆಸರು ಬರುತ್ತದೆಂದುಕೊಂಡು.

"ನಮ್ಮ ಒಬಾಚಾನ್, ದೊಡ್ಡವ್ವ. ಅಂದ್ರ ಅಜ್ಜಿ. ಚರ್ಚಿನ್ಯಾಗ ಮೋರಿತಾ ಅಂತ ಒಬ್ಬಾಕಿ ಅದಾಳ. ಭಾಳ ಶಿಸ್ತು. ಆಕಿ ಒಂದು ಸಲ ಮಾಡಿ ತೋರಿಸಿದ್ರ ಸಾಕು, ಮರಿಯಂಗಿಲ್ಲ ನೋಡು."

ನಾನು ಇಪ್ಪತ್ತು ವರ್ಷ ಮಾಡಿ ತೋರಿಸಿದ್ದೆ. ಫೋನಿಟ್ಟು ಒಂದು ಲೋಟ ಮಜ್ಜಿಗೆ ಕುಡಿದೆ.

ಮಜ್ಜಿಗೆಯಿಂದ ಇಳಿಯುವಂಥದ್ದಲ್ಲ ಅದು. ಹೊಟ್ಟೆಕಿಚ್ಚು ಎಂದು ಕನ್ನಡದವರು ಸುಮ್ಮನೆ ಹೆಸರಿಟ್ಟಿಲ್ಲ. ನಮ್ಮ ಓಣಿಯ ತೆಲುಗರು ಕಡುಪುಮಂಟ ಎನ್ನುತ್ತಾರೆ, ಅವರಿಗೂ ಬೆಂಕಿ ಬೀಳುವುದು ಹೊಟ್ಟೆಗೇ. ಎದುರಿನ ಟೇಲರ್ ಸಾಹೇಬರು ಜಲನ್ ಎನ್ನುತ್ತಾರೆ. ಸುಡುವುದಂತೂ ಸುಡುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ, ಉರ್ದುವಿನ ಮರ್ಯಾದೆ ಅದು. ಹೈದರಾಬಾದಿನಲ್ಲಿ ನೀರಿನ ವಿಷಯಕ್ಕೆ, ಬಸ್ಸಿನ ವಿಷಯಕ್ಕೆ, ಬಿರಿಯಾನಿಯ ವಿಷಯಕ್ಕೆ ಒಪ್ಪದ ಮೂರು ಭಾಷೆಗಳು ಈ ಒಂದು ಕಾಯಿಲೆಯ ಲಕ್ಷಣದಲ್ಲಿ ಮಾತ್ರ ಒಪ್ಪಿಕೊಂಡಿವೆ. ಅಷ್ಟು ವರ್ಷ ವಾರ್ಡಿನಲ್ಲಿದ್ದರೂ ಇದಕ್ಕೊಂದು ಚೀಟಿ ಬರೆದ ಡಾಕ್ಟರರನ್ನು ನಾನು ಕಾಣೆ. ಪರರದಕ್ಕೆ ಆಸೆಪಡಬಾರದೆಂದು ಸಂಡೇ ಸ್ಕೂಲಿನಲ್ಲಿ ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಆದರೆ ಕರುಣಾ ಪರರದಲ್ಲವಲ್ಲ! ನನ್ನದಕ್ಕೆ ಆಸೆಪಟ್ಟವಳು ಆ ಮುದುಕಿ. ಹೀಗೆ ವಾದ ಹೂಡಿ ದೇವರನ್ನೂ ನನ್ನ ಪಕ್ಷಕ್ಕೆ ಎಳೆದುಕೊಂಡೆ.

ಅಲ್ಲಿಯ ಚರ್ಚು ಸಣ್ಣದು. ಇಪ್ಪತ್ತು ಜನ ಬಂದರೆ ಹಬ್ಬ, ಅವರಲ್ಲಿ ಹದಿನೈದು ಜನ ಮುದುಕರು. ಬಾಗಿಲ ಪಕ್ಕದಲ್ಲಿ ಒಬ್ಬೊಬ್ಬರ ಹೆಸರಿನ ಪುಟ್ಟ ಗೂಡುಗಳಿರುವ ಕಪಾಟು. ಆ ವಾರದ ಆರಾಧನೆಯ ಹಾಳೆಯನ್ನು ಎಲ್ಲ ಗೂಡುಗಳಲ್ಲಿ ಇಡುವ ಸೇವೆ ಕರುಣಾಳದು. ಆರಾಧನೆ ಮುಗಿದ ಮೇಲೆ ಯಾವ ಗೂಡಿನಲ್ಲಿ ಹಾಳೆ ಉಳಿದಿದೆಯೋ ಅವರು ಬಂದಿಲ್ಲ ಎಂದು ಅರ್ಥ. ಇದನ್ನು ಕೇಳಿ ನನಗೆ ಖುಷಿಯಾಯಿತು. ಏಕೆಂದರೆ ನಮ್ಮ ಸಭೆಯಲ್ಲಿ ನನ್ನದೊಂದು ನಿಯಮವಿದೆ: ಭಾನುವಾರ ಬರದವರ ಮನೆಗೆ ಸೋಮವಾರ ಸಂಜೆ ಐದು ಗಂಟೆಗೆ ಹೋಗಬೇಕು. ಮೊದಲೇ ತಿಳಿಸಬಾರದು. ತಿಳಿಸಿದರೆ ಅವರು ಉಪ್ಪಿಟ್ಟು ಮಾಡಿಟ್ಟು, ಮಕ್ಕಳ ಮುಖ ತೊಳೆದು, ಕಷ್ಟವನ್ನೆಲ್ಲ ಮಂಚದ ಕೆಳಗೆ ತಳ್ಳಿಬಿಡುತ್ತಾರೆ. ಹೇಳದೆ ಹೋದರೆ ಜ್ವರವಿದ್ದದ್ದೂ ಕಾಣುತ್ತದೆ, ಜಗಳವಿದ್ದದ್ದೂ ಕಾಣುತ್ತದೆ. ಬಾಲಾನಗರದ ಕಟ್ಟಡದ ಕೆಲಸಗಾರರ ಶೆಡ್ಡುಗಳಿಗೆ ಕರುಣಾಳ ಕೈ ಹಿಡಿದು ಎಷ್ಟು ಸೋಮವಾರ ಹೋಗಿದ್ದೇನೋ. ಆ ಒಂದು ಪಾಠವನ್ನಾದರೂ ಅವಳು ನನ್ನಿಂದ ಕಲಿತಿದ್ದಳು.

ಕಲಿತದ್ದೇ ತಪ್ಪಾಯಿತು. ಒಂದು ಭಾನುವಾರ ಮೋರಿತಾಳ ಗೂಡಿನಲ್ಲಿ ಹಾಳೆ ಉಳಿಯಿತು. ಸೋಮವಾರ ಐದಕ್ಕೆ ಸರಿಯಾಗಿ ಕರುಣಾ ಆರು ಕಿತ್ತಳೆ ಹಣ್ಣು ಹಿಡಿದು ಅವಳ ಬಾಗಿಲು ತಟ್ಟಿದಳು. ಮುದುಕಿ ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದಳಂತೆ. ಕೂದಲು ಕೆದರಿತ್ತು, ಎರಡೂ ಮೊಣಕಾಲಿಗೆ ನೋವಿನ ಪಟ್ಟಿ, ಹಿಂದೆ ಒಗೆದ ಬಟ್ಟೆಗಳ ಗುಡ್ಡೆ. ಬಾಗಿಲಿಗೆ ಅಡ್ಡವಾಗಿ ನಿಂತು ಆರೇಳು ಸಲ ಬಗ್ಗಿ ನಮಸ್ಕರಿಸಿದಳು, ಒಳಗೆ ಬಾ ಎನ್ನಲಿಲ್ಲ. ಇವಳೂ ಬಗ್ಗಿದಳು. ಇಬ್ಬರೂ ಬಗ್ಗಿ ಬಗ್ಗಿ ಕಿತ್ತಳೆ ಹಣ್ಣುಗಳು ಉರುಳಿದವು. ಮರುದಿನ ಪಾಸ್ಟರ ಹೆಂಡತಿ ಕರೆದು ಮೆಲ್ಲಗೆ ತಿಳಿ ಹೇಳಿದರಂತೆ: ನಮ್ಮಲ್ಲಿ ಒಡಹುಟ್ಟಿದ ಅಕ್ಕನ ಮನೆಗೂ ಹೇಳದೆ ಹೋಗುವುದಿಲ್ಲ, ಮೋರಿತಾ ಬಹಳ ನಾಚಿಕೊಂಡಿದ್ದಾರೆ.

ಮುಂದಿನ ಭಾನುವಾರದ ಫೋನಿನಲ್ಲಿ ಕರುಣಾ ಅತ್ತಳು. "ನಿನ್ನ ನಿಯಮ ಇಲ್ಲಿ ನಡಿಯಂಗಿಲ್ಲ ದೊಡ್ಡವ್ವ. ಇನ್ನ ಮ್ಯಾಲೆ ಒಬಾಚಾನ್ ಹೇಳಿದಂಗನ ಮಾಡ್ತೀನಿ."

ಈ ಮಾತು ನನಗೆ ಎಲ್ಲಿ ತಾಗಿತೆಂದು ಹೇಳಲಾರೆ, ಉರ್ದುವಿನ ಮರ್ಯಾದೆ ಪಾಲಿಸುತ್ತೇನೆ. ಹಾಸಿಗೆ ಹೋಯಿತು, ಗಡಿಯಾರ ಹೋಯಿತು, ಉಳಿದಿದ್ದದ್ದು ಒಂದು ಸೋಮವಾರ. ಅದೂ ಹೋದರೆ ಆ ಹುಡುಗಿಯಲ್ಲಿ ನನ್ನದೆಂದು ಹೇಳುವಂಥದ್ದು ಏನು ಉಳಿಯಿತು?

ಮೂರು ವಾರ ಕಳೆಯಿತು. ನಾಲ್ಕನೆಯ ಭಾನುವಾರ ಮೋರಿತಾಳ ಗೂಡಿನಲ್ಲಿ ಹಾಳೆ ಮತ್ತೆ ಉಳಿಯಿತು. ಆದರೆ ಕರುಣಾಳ ಹೆಸರಿನ ಗೂಡಿನಲ್ಲಿ ಅವಳು ಮೊದಲೇ ತಂದಿಟ್ಟ ಒಂದು ಚೀಟಿ. ಜಪಾನಿ ಓದಲು ಕಲಿತಿದ್ದ ಜಯಪಾಲ ಅದನ್ನು ಕರುಣಾಳಿಗೆ ಓದಿ ಹೇಳಿದ: "ಈ ಭಾನುವಾರ ನಾನು ಬರುವುದಿಲ್ಲ. ಸೋಮವಾರ ಐದು ಗಂಟೆಗೆ ಮನೆಯಲ್ಲಿರುತ್ತೇನೆ."

ಕರುಣಾ ಹೋದಳು. ಮುದುಕಿ ಕೂದಲು ಬಾಚಿ, ಚಹಾ ಇಟ್ಟು, ನೆಲದ ಮೇಲೆ ಕೂರಲು ಎರಡು ದಿಂಬು ಹಾಸಿ ಕಾದಿದ್ದಳಂತೆ. ಏಳರವರೆಗೆ ಬಿಡಲಿಲ್ಲ. ಮುಂದಿನ ತಿಂಗಳು ಮತ್ತೆ ಗೈರುಹಾಜರಿ, ಮತ್ತೆ ಚೀಟಿ. ಸುದ್ದಿ ಹೇಗೆ ಹಬ್ಬಿತೋ, ಆಮೇಲೆ ಹಿಂದಿನ ಸಾಲಿನ ಮುದುಕರೊಬ್ಬರು ಸಹ ಗೈರುಹಾಜರಾದರು, ಅವರದೂ ಚೀಟಿ.

"ದೊಡ್ಡವ್ವ," ಕರುಣಾ ನಕ್ಕು ನಕ್ಕು ಹೇಳಿದಳು, "ನಿನ್ನ ನಿಯಮದಿಂದ ನಮ್ಮ ಚರ್ಚ್ ಖಾಲಿ ಆಗಾಕತ್ತೈತಿ! ಪಾಸ್ಟರ್ ಕುರ್ಚಿಗೆ ಪ್ರಸಂಗ ಮಾಡಬೇಕಾಗ್ತೈತಿ."

ನಿಯಮ ಗೆದ್ದಿತ್ತು. ನಾನು ಸಿಹಿ ಹಂಚಬೇಕಾಗಿತ್ತು. ಬದಲಿಗೆ ಉರಿ ಇಮ್ಮಡಿಯಾಯಿತು. ನಿಯಮ ನನ್ನದು, ಹುಡುಗಿ ನನ್ನವಳು, ಸೋಮವಾರ ಮಾತ್ರ ಆ ಮುದುಕಿಯದು! ಆಗ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷಗಳಲ್ಲಿ ಆ ನಿಯಮದ ಪ್ರಕಾರ ನನ್ನ ಮನೆಗೆ ಒಬ್ಬರೂ ಬಂದಿಲ್ಲ. ಹೇಗೆ ಬಂದಾರು? ನಾನು ಒಂದು ಭಾನುವಾರವೂ ತಪ್ಪಿಸಿದವಳಲ್ಲ.

ಸರಿ, ತಪ್ಪಿಸಿದೆ. ಎಂಬತ್ತರ ಮುದುಕಿಗೆ ಆಗುವುದು ಅರವತ್ತೇಳರ ನನಗೆ ಆಗದೇ? ಸೋಮವಾರ ಐದಕ್ಕೆ ಯಾರಾದರೂ ಬರುತ್ತಾರೆ. ಹಾಸಿಗೆ ಬಟ್ಟೆ ಬದಲಿಸಿ, ಒಳ್ಳೆಯ ಕಪ್ಪುಗಳನ್ನು ತೆಗೆದಿಟ್ಟರಾಯಿತು, ಅದಕ್ಕೆ ಇಡೀ ಸೋಮವಾರವಿದೆ ಎಂದು ಲೆಕ್ಕ ಹಾಕಿದೆ. ನಮ್ಮ ಕನ್ನಡ ಆರಾಧನೆ ಬೆಳಿಗ್ಗೆ ಏಳಕ್ಕೆ; ಕಟ್ಟಡ ತೆಲುಗಿನವರದು, ಅವರು ಬರುವುದರೊಳಗೆ ನಾವು ಮುಗಿಸಬೇಕು. ಏಳು ಹೊಡೆಯಿತು. ನನ್ನ ಕಾಲುಗಳು ತಾವಾಗಿಯೇ ಬಾಗಿಲ ಕಡೆ ಹೊರಟವು. ಅವನ್ನು ಎಳೆದು ತಂದು ಬಕೆಟ್ಟಿನ ಬಿಸಿ ಉಪ್ಪುನೀರಿನಲ್ಲಿ ಇಟ್ಟೆ. ತಲೆಗೆ ಹರಳೆಣ್ಣೆ ಒತ್ತಿಕೊಂಡೆ. ನೈಟಿಯಲ್ಲೇ ಕುಳಿತು, ಬೆಳಗಿನ ತಿಂಡಿಗೆ ಡಬ್ಬಿಯಿಂದ ನೇರವಾಗಿ ಚಕ್ಕುಲಿ ತಿಂದೆ. ಇದರಲ್ಲಿ ಒಂದೊಂದಕ್ಕೂ ನನ್ನ ವಾರ್ಡಿನಲ್ಲಿ ಬೈಗುಳವಿತ್ತು. ಸುಖವಾಗಿತ್ತು ಎಂದೂ ಒಪ್ಪಿಕೊಳ್ಳುತ್ತೇನೆ.

ಎಂಟೂಕಾಲಿಗೆ ಬಾಗಿಲು ಬಡಿಯಿತು. ತಟ್ಟಿದ್ದಲ್ಲ, ಬಡಿದದ್ದು.

ಎಲಿಸವ್ವ. ನಮ್ಮ ಸಭೆಯವಳೇ, ರಾಯಚೂರು ಕಡೆಯವಳು, ಇಟ್ಟಿಗೆ ಹೊತ್ತು ಬೆಳೆದ ಕೈ, ಮೂರು ಮಹಡಿಗೆ ಕೇಳುವ ಗಂಟಲು. ಅವಳ ಹಿಂದೆ ಮೆಟ್ಟಿಲ ತುಂಬ ಒಂಬತ್ತು ಹತ್ತು ಜನ, ಕೊನೆಗೆ ಪಾಸ್ಟರು. ನಾನು ಬಾಗಿಲನ್ನು ಒಂದು ಗೇಣು ತೆರೆದು, ಎರಡೂ ಕೈಗಳಿಂದ ಚೌಕಟ್ಟು ಹಿಡಿದು ಅಡ್ಡ ನಿಂತೆ.

"ಅದಾರ‍್ರೀ! ಸಿಸ್ಟರ್ ಅದಾರ!" ಎಲಿಸವ್ವ ಕೆಳಗಿನವರಿಗೆ ಕೂಗಿದಳು. "ನಾನಂತೂ ಹೋಗೇಬಿಟ್ಟಾರ ಅಂದ್ಕೊಂಡಿದ್ದೆ. ಉಸಿರಿರೋ ತನಕ ಈಕಿ ಚರ್ಚ್ ಬಿಡಾಕಿ ಅಲ್ಲ ಅಂದೆ. ಪ್ರಸಂಗ ಅರ್ಧಕ್ಕ ನಿಲ್ಸಿ ಬಂದೇವಿ."

"ಸೋಮವಾರ ಬರಬೇಕಿತ್ತು," ಎಂದೆ.

"ಸೋಮಾರ ತನಕ ಹೆಣ ಇಡ್ತಾರೇನ್ರಿ? ಮೈಗೆ ಏನಾಗೈತಿ?"

"ಸ್ವಲ್ಪ ಹುಷಾರಿಲ್ಲ," ಎಂದು ಸುಳ್ಳು ಹೇಳಿದೆ.

ಅವಳು ನನ್ನ ತೋಳಿನ ಕೆಳಗಿನಿಂದ ಇಣುಕಿ ನೋಡಿದಳು. ಬಕೆಟ್ಟು, ಎಣ್ಣೆ ಬಾಟಲಿ, ತೆರೆದ ಡಬ್ಬಿ. "ಹುಷಾರಿಲ್ದೋರು ಚಕ್ಲಿ ತಿಂತಾರೇನ್ರಿ, ಸಿಸ್ಟರ್?" ಎಂದು ಮೆಲ್ಲಗೆ ಕೇಳಿದಳು. ಎಲಿಸವ್ವನ ಮೆಲ್ಲಗೆ ಎಂದರೆ ಒಂದೇ ಮಹಡಿಗೆ ಕೇಳುವಷ್ಟು.

ಎಲ್ಲರೂ ಒಳಗೆ ಬಂದರು. ಮಡಿಸದ ಹಾಸಿಗೆಯ ಮೇಲೆ ನಾಲ್ವರು ಕುಳಿತರು. ನನಗಿಲ್ಲದ ಕಾಯಿಲೆ ವಾಸಿಯಾಗಲೆಂದು ಇಪ್ಪತ್ತು ನಿಮಿಷ ಪ್ರಾರ್ಥಿಸಿದರು. ಎಣ್ಣೆ ತೊಟ್ಟಿಕ್ಕುವ ತಲೆಯ ಮೇಲೆ ಪಾಸ್ಟರು ಕೈಯಿಟ್ಟು, ಆಮೇಲೆ ಒರೆಸಿಕೊಳ್ಳಲು ಬಟ್ಟೆ ಕೇಳಿದರು. ಎಲಿಸವ್ವ ಚಹಾ ಮಾಡಿದಳು, ಹಾಲು ಸಾಲದೆ ಕರಿ ಚಹಾ. ಅವರು ಇಳಿದು ಹೋದ ಮೇಲೂ ಬಾಗಿಲ ಹತ್ತಿರ ನಿಂತೇ ಇದ್ದೆ. ಚೌಕಟ್ಟಿನ ಮೇಲೆ ನನ್ನ ಹತ್ತು ಬೆರಳಿನ ಎಣ್ಣೆ ಗುರುತು ಮೂಡಿತ್ತು. ಜಪಾನಿನ ಆ ಮುದುಕಿಯೂ ಹೀಗೆಯೇ ಹಿಡಿದು ನಿಂತಿದ್ದಿರಬೇಕು. ಇಷ್ಟು ವರ್ಷ ನಾನು ತಟ್ಟಿದ ಬಾಗಿಲುಗಳ ಒಳಗಡೆ ಎಷ್ಟು ಜನ ಹೀಗೆ ನಿಂತಿದ್ದರೋ! ನನ್ನ ನಿಯಮವನ್ನು ನಾನು ಮೊದಲ ಸಲ ಒಳಗಿನಿಂದ ನೋಡಿದೆ. ನಾಚಿಕೆಯಾಗುತ್ತಿತ್ತು; ಆದರೂ ಅವರು ಬಂದರಲ್ಲ ಎಂದು ಖಾಲಿ ಲೋಟಗಳನ್ನು ಎರಡು ಸಲ ಎಣಿಸಿದೆ.

ಮಧ್ಯಾಹ್ನ ಕರುಣಾಳ ಫೋನು ಬಂದಾಗ ಎಲ್ಲವನ್ನೂ ಹೇಳಿಬಿಟ್ಟೆ, ಚಕ್ಕುಲಿಯ ಸಮೇತ. ಅವಳು ನಗಬಹುದೆಂದುಕೊಂಡಿದ್ದೆ. ನಗಲಿಲ್ಲ.

"ಯಾರಾದ್ರೂ ಬರಲಿ ಅಂತ ಅನ್ನಿಸಿದ್ರ, ಬರ್ರಿ ಅಂತ ಹೇಳಬಾರದಾಗಿತ್ತೇನ ದೊಡ್ಡವ್ವ?"

ಹೇಳಬಹುದಿತ್ತು. ಯಾರಿಗೂ ತಿಳಿಸದೆ ಭೇಟಿ ಮಾಡುವ ನಿಯಮ ಮಾಡಿದವಳಿಗೆ, ತನ್ನನ್ನು ಭೇಟಿ ಮಾಡಿ ಎಂದು ತಿಳಿಸುವುದು ಮಾತ್ರ ಬರುತ್ತಿರಲಿಲ್ಲ. ಆ ಮುದುಕಿಗೆ ಬಂತು. ಅಷ್ಟು ನಾಚಿಕೊಂಡವಳು ಒಂದು ಚೀಟಿ ತೆಗೆದುಕೊಂಡು, ಇಂಥ ದಿನ ಇಷ್ಟು ಗಂಟೆಗೆ ಮನೆಯಲ್ಲಿರುತ್ತೇನೆ ಎಂದು ಬರೆದಳು. ಶಿಸ್ತು ಎಂದು ಕರುಣಾ ಹೇಳಿದ್ದು ಇದನ್ನೇ ಇರಬೇಕು. ಇಂಥ ಶಿಸ್ತು ನನ್ನ ವಾರ್ಡಿನಲ್ಲಿ ಯಾರೂ ಕಲಿಸಿರಲಿಲ್ಲ.

ನಾನೂ ಹೇಳಿ ನೋಡಿದೆ: "ಸೋಮವಾರ ಅಲ್ಲಿಯ ಐದು ಗಂಟೆಗೆ ನಾನು ಮನೆಯಲ್ಲಿರ್ತೀನಿ ಕರುಣಾ. ಫೋನ್ ಮಾಡವ್ವ."

"ಐದಕ್ಕ ಬರ್ತೀನಂತ ಒಬಾಚಾನ್‌ಗೆ ಹೇಳೀನಿ," ಎಂದಳು ಅವಳು, ಹೆದರಿಕೊಂಡೇ. "ಆಕಿ ಮನಿಯಿಂದ ಬಂದು ಏಳೂವರೆಗೆ ಮಾಡ್ಲೇನು? ನಿನಗ ಅಲ್ಲಿ ನಾಲ್ಕು ಗಂಟೆ ಆಗಿರ್ತೈತಿ."

ಒಂದು ಕ್ಷಣ ಹೊಟ್ಟೆಯಲ್ಲಿ ಭುಗ್ ಎಂದಿತು. ಆಮೇಲೆ ಎಂಬತ್ತರಲ್ಲಿ ಅರವತ್ತೇಳು ಕಳೆದು ನೋಡಿದೆ. ಹದಿಮೂರು ವರ್ಷಕ್ಕೆ ದೊಡ್ಡವಳು. ಮೊದಲ ಪಾಳಿ ಅವಳದೇ. "ಆಗಲಿ," ಎಂದೆ. "ಆಕಿ ಮೊಣಕಾಲಿಗೆ ಬಿಸಿ ಉಪ್ಪುನೀರು ಒಳ್ಳೇದು ಅಂತ ಹೇಳು. ನಾನೇ ಹೇಳಿದೆ ಅಂತ ಹೇಳು."