ಏಳನೆಯ ಜಂತಿ

ಕಳೆದ ವಾರ ಎದುರುಮನೆಯವರು ತಮ್ಮ ಹಳೆಯ ದನದ ಕೊಟ್ಟಿಗೆಯ ಮಣ್ಣಿನ ಮಾಳಿಗೆಗೆ ಹರವಲೆಂದು ಸವಳು ಮಣ್ಣು ತರಿಸಿದ್ದರು. ಟ್ರ್ಯಾಕ್ಟರು ನಮ್ಮ ಬಾಗಿಲ ಮುಂದೆಯೇ ಗುಡ್ಡೆ ಸುರಿದು ಹೋಯಿತು. ಸಂಜೆ ನಾಲ್ಕು ಹನಿ ಬಿದ್ದದ್ದೇ ತಡ, ಉಪ್ಪು ಬೆರೆತಂಥ ಆ ವಾಸನೆ ಎದ್ದಿತು. ಆಳಂದದ ನಮ್ಮ ಓಣಿಯಲ್ಲಿ ಈಗ ಎಲ್ಲ ಸಿಮೆಂಟಿನ ಮನೆಗಳು. ಆ ವಾಸನೆ ಮೂಗಿಗೆ ತಾಗಿ ವರ್ಷಗಳೇ ಆಗಿದ್ದವು. ಆರು ಗಂಟೆಗೆ ದೀಪ ಹಚ್ಚುವುದು ನನ್ನ ರೂಢಿ. ಆವತ್ತು ಆರೂ ಇಪ್ಪತ್ತಾದರೂ ಹೊಸ್ತಿಲಲ್ಲೇ ನಿಂತಿದ್ದೆ. ಮಣ್ಣೂರಿನ ಮನೆ ಮಾಲಕರು ನೆನಪಾಗಿದ್ದರು…

ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ನಾನು ನರ್ಸಾಗಿದ್ದೆ; ಊರವರು ಬಾಯಾರು ಎನ್ನುತ್ತಿದ್ದರು. ಭೀಮಾ ನದಿಯ ದಂಡೆಯ ಊರು. ಅವರ ಮನೆಯ ಮುಂಭಾಗ ನನಗೆ ಬಾಡಿಗೆಗೆ ಸಿಕ್ಕಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಗೋಡೆಯಿಲ್ಲದ ಪಡಸಾಲೆ. ಹಿಂದಿನ ಎರಡು ಕೋಣೆಗಳಲ್ಲಿ ಅವರು, ಅವರ ಹೆಂಡತಿ. ಓಣಿಯ ಆಚೆ ಬದಿಗೆ ಅವರ ಅಣ್ಣನ ಮನೆ. ಅಣ್ಣ ದಿನವಿಡೀ ತನ್ನ ಕಟ್ಟೆಯ ಮೇಲೆ ಕೂತು ನಮ್ಮ ಮನೆಯ ಕಡೆಗೇ ನೋಡುತ್ತಿದ್ದ. ತಮ್ಮನ ಮನೆ, ನೋಡುತ್ತಾನೆ ಎಂದುಕೊಂಡಿದ್ದೆ.

ಆ ವರ್ಷ ಯುಗಾದಿಯ ಮರುದಿನ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಈ ವಯಸ್ಸಿಗೆ ಆಪರೇಷನ್ ಬೇಡವೆಂದ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ, ಮಂಚದ ಕೊನೆಗೆ ಇಟ್ಟಿಗೆಯ ಭಾರ ಇಳಿಬಿಡಿಸಿದರು. ಎರಡು ತಿಂಗಳು ಅಲುಗಾಡಿಸಬಾರದು. ಮಂಚ ಹಿಡಿಸುವ ಕೋಣೆ ಒಂದೇ ಇತ್ತು. ಆ ಕೋಣೆಯ ಮಾಳಿಗೆಗೆ ಹನ್ನೊಂದು ಜಂತಿಗಳು. ಮಲಗಿದಲ್ಲೇ ಎಣಿಸುತ್ತಿದ್ದ ಅವ್ವ ಮೂರನೆಯ ದಿನ ನನ್ನನ್ನು ಕರೆದಳು.

"ಏಳನೇ ಜಂತಿ ಬಿರುಕು ಬಿಟ್ಟದ ನೋಡವಾ. ನಿನ್ನೆ ಕೂದಲಷ್ಟಿತ್ತು, ಇವತ್ತು ಬೆರಳಷ್ಟಾಗ್ಯದ."

ಏಳನೆಯ ಜಂತಿ ನೇರವಾಗಿ ಅವಳ ಎದೆಯ ಮೇಲಿತ್ತು.

ನಮ್ಮ ಕಡೆ ಮಾಳಿಗೆಯ ಮೇಲೆ ಮೊಳದಷ್ಟು ಮಣ್ಣು ಇರುತ್ತದೆ. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲು ಹಳೆಯದನ್ನು ಕೆರೆದು ಹೊಸ ಸವಳು ಹರವಬೇಕು. ಇಲ್ಲದಿದ್ದರೆ ನೀರು ಇಳಿಯುತ್ತದೆ, ಒದ್ದೆಯಾದ ಮಣ್ಣಿನ ಭಾರ ಎರಡುಪಟ್ಟಾಗುತ್ತದೆ. ಆ ಮಾಳಿಗೆಗೆ ಎರಡು ವರ್ಷದಿಂದ ಯಾರೂ ಮಣ್ಣು ಹಾಕಿರಲಿಲ್ಲ. ನಾನು ಜಂತಿಯ ಕೆಳಗೆ ಒಂದು ಕಂಬ ಆಸರೆ ಕೊಡಿಸಿದೆ. ಅದು ಒಣ ಮಾಳಿಗೆಗೆ ಸಾಕು, ಮಳೆಗೆ ಸಾಲದು.

ಸೋಮವಾರ ಬೆಳಿಗ್ಗೆ ಏಳಕ್ಕೆ ಮಾಲಕರ ಬಾಗಿಲಿಗೆ ಹೋಗಿ ಹೇಳಿದೆ. "ಹ್ಞೂಂ ಬಾಯಾರ, ಮಾಡೂಣ್ರಿ" ಎಂದರು. ಮುಂದಿನ ಸೋಮವಾರವೂ ಅದೇ ಏಳು ಗಂಟೆ, ಅದೇ ಮಾತು. ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ: "ಮಾಳಿಗೆಯ ಬಗ್ಗೆ ಕೇಳಿದೆ. ಕೆಲಸ ಆಗಿಲ್ಲ." ಅವರು ದಿನಾ ಹೊಸ್ತಿಲಾಚೆ ನಿಂತು "ಹ್ಯಾಂಗಿದ್ದೀರಿ ಅವ್ವಾ?" ಎಂದು ವಿಚಾರಿಸುತ್ತಿದ್ದರು. ಗಿಡದ ಮೊದಲ ನಿಂಬೆಹಣ್ಣು ತಂದುಕೊಟ್ಟರು. ಆದರೆ ಒಳಗೆ ಬರುತ್ತಿರಲಿಲ್ಲ, ಕಣ್ಣು ಮೇಲೆತ್ತುತ್ತಿರಲಿಲ್ಲ. ನನಗೆ ಅದೇ ಸಿಟ್ಟು. ಐದನೆಯ ವಾರದಿಂದ ಅವರ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳುವುದನ್ನೂ ಬಿಟ್ಟೆ.

ಅವ್ವ ನಗುತ್ತಿದ್ದಳು. "ಸೋಮವಾರ ಹಿಡದೀ ಏನವಾ? ಇಷ್ಟ ವಾರಕ್ಕ ಶಿವನೂ ಒಲೀತಿದ್ದ."

ನಗುವಾಗಲೂ ಅವಳ ಕಣ್ಣು ಏಳನೆಯ ಜಂತಿಯ ಮೇಲೆಯೇ ಇರುತ್ತಿತ್ತು. ಬಿರುಕಿನಿಂದ ಮಣ್ಣು ಉದುರಿ ಅವಳ ರೆಪ್ಪೆಯ ಮೇಲೆ ಬೀಳುತ್ತಿತ್ತು. ದಿನಕ್ಕೆ ನಾಲ್ಕು ಸಲ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ.

ಏಳು ಸೋಮವಾರ ಕಳೆದವು. ಆ ವಾರ ನದಿಯಾಚೆಯ ಆಕಾಶ ಕಪ್ಪಾಗತೊಡಗಿತು. ನಾನು ಮಾಲಕರನ್ನು ಕೇಳದೆ ಒಂದು ಗಾಡಿ ಸವಳು, ಒಂದು ಜಾಲಿಯ ಜಂತಿ ತರಿಸಿದೆ. ಶುಕ್ರವಾರ ಬೆಳಿಗ್ಗೆ ನಾಲ್ಕು ಆಳುಗಳು ಬಂದರು. ನಿಚ್ಚಣಿಕೆ ಇಟ್ಟದ್ದಷ್ಟೇ, ಹಿತ್ತಲಿನಿಂದ ಮಾಲಕರು ಓಡಿಬಂದು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಬ್ಯಾಡ್ರಿ ಬಾಯಾರ. ಕೈಮುಗಿತೇನಿ, ಮಣ್ಣ ಹಾಕಸಬ್ಯಾಡ್ರಿ."

"ನೀವೂ ಹಾಕಸಂಗಿಲ್ಲ, ನನಗೂ ಬಿಡಂಗಿಲ್ಲ. ನಮ್ಮವ್ವ ಸಾಯ್ಲೇನ್ರಿ?"

ಅವರು ಓಣಿಯಾಚೆಯ ಕಟ್ಟೆಯ ಕಡೆ ನೋಡಿ ದನಿ ಇಳಿಸಿದರು. ಆಗ ಮೊದಲ ಸಲ ವಿಷಯ ಬಾಯಿಬಿಟ್ಟರು. ತಂದೆ ತೀರಿಕೊಂಡ ಮೇಲೆ ಆ ಮನೆಗೆ ಅಣ್ಣ ತಮ್ಮ ಇಬ್ಬರೂ ಹಟ ಹಿಡಿದಿದ್ದರು. ಯಾರು ಮಾಳಿಗೆಗೆ ಮಣ್ಣು ಹಾಕುತ್ತಾರೋ ಅವರೇ ಮನೆಯ ಒಡೆಯರೆಂಬುದು ಆ ಊರಿನ ಲೆಕ್ಕ. ಅದಕ್ಕೇ ಹಿರಿಯರು ಇಬ್ಬರಿಂದಲೂ ವಿಭೂತಿ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು. ತೀರ್ಮಾನ ಆಗುವ ತನಕ ಯಾರೂ ಮಣ್ಣು ಹಾಕಬಾರದು, ಹಾಕಿದವನ ಪಾಲು ಹೋಯಿತು. ಮನೆ ಹಾಳು ಬೀಳಬಾರದೆಂದು ಮುಂಭಾಗಕ್ಕೆ ಬಾಡಿಗೆಯವರನ್ನು ಇಡಲು ಮಾತ್ರ ಇಬ್ಬರೂ ಒಪ್ಪಿದ್ದರು.

"ನೀವ್ ಹಾಕಸಿದ್ರೂ ನಾನ ಹಾಕಸಿದಂಗ ಆಗ್ತದ್ರಿ. ಯುಗಾದಿಗೆ ತೀರ್ಮಾನ ಆಗ್ತದ ಅಂದಿದ್ರು, ಆಗ್ಲಿಲ್ಲ. ಮನೀ ಜಗಳ ಹೊರಗಿನವರ ಮುಂದ ಹ್ಯಾಂಗ ಹೇಳ್ಲಿ…"

ನಾನು ವಾದ ಮಾಡಲಿಲ್ಲ. "ಒಳಗ ಬರ್ರಿ" ಎಂದಷ್ಟೇ ಹೇಳಿದೆ.

ಬಂದರು. ಮಂಚದ ಹತ್ತಿರ ನಿಂತು, ಏಳು ವಾರಗಳಲ್ಲಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. ಒಂದು ಹಿಡಿ ಮಣ್ಣು ಸೊರ್ರನೆ ಉದುರಿತು. ಅವ್ವ ಕಣ್ಣು ಮುಚ್ಚಿ ತೆರೆದಳು.

"ಹನ್ನೊಂದದಾವ ತಮ್ಮಾ. ನಾ ಎಣಿಸೇನಿ. ನಿನಗ ಸುಳ್ಳ ಅನಿಸಿದ್ರ ನೀನೂ ಎಣಿಸು."

ಮಾಲಕರು ಎಣಿಸಲಿಲ್ಲ. ಹೊರಗೆ ಹೋಗಿ ಧೋತರ ಎತ್ತಿ ಕಟ್ಟಿದರು, ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಸುತ್ತಿದರು. ಮಂಚವನ್ನು ಇಟ್ಟಿಗೆಯ ಸಮೇತ ಪಡಸಾಲೆಗೆ ಎತ್ತಲು ತಾವೇ ಒಂದು ಕಾಲು ಹಿಡಿದರು. ಮಾಳಿಗೆ ಕೆರೆದು ಜಂತಿ ಬದಲಾಯಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಸವಳಿನ ಮೊದಲ ಬುಟ್ಟಿ ತುಂಬಿದಾಗ ಆಳಿನ ಕೈಯಿಂದ ಅದನ್ನು ಇಸಿದುಕೊಂಡರು. ಕಟ್ಟೆಯಿಂದ ಅಣ್ಣ ಎದ್ದು ನಿಂತ.

"ಏ ತಮ್ಮಾ! ಬುಟ್ಟಿ ಇಟ್ರ ಮನಿ, ಎತ್ತಿದ್ರ ಬೀದಿ. ನೋಡ್ಕೊ!"

"ನೋಡೇನೋ ಅಣ್ಣಾ. ಒಳಗ ಹೋಗಿ ನೋಡಿ ಬಂದೇನಿ."

ಬುಟ್ಟಿ ತಲೆಯ ಮೇಲಿತ್ತು. ಒಂದು ಮೆಟ್ಟಿಲು, ಇನ್ನೊಂದು… ಹಿತ್ತಲ ಬಾಗಿಲಲ್ಲಿ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬೇಡವೆನ್ನಲು ನನಗೆ ಅಷ್ಟು ಹೊತ್ತು ಇತ್ತು. ಅನ್ನಲಿಲ್ಲ. ಪಡಸಾಲೆಯಲ್ಲಿ ಅವ್ವ ಇದ್ದಳು, ಮೇಲೆ ಮೋಡವಿತ್ತು.

ಭಾನುವಾರ ಮಿರಗ ಕೂಡಿತು. ಮೂರು ದಿನ ಬಿಡದೆ ಸುರಿಯಿತು. ಕೋಣೆಯೊಳಗೆ ಒಂದು ಹನಿ ಬೀಳಲಿಲ್ಲ. ನಾಲ್ಕನೆಯ ದಿನ ನಾನು ಮಕ್ಕಳಿಗೆ ಲಸಿಕೆ ಹಾಕಲು ಪಕ್ಕದ ಊರಿಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಎರಡೂ ಕೋಣೆಗಳು ಖಾಲಿಯಾಗಿದ್ದವು. ಜೇವರ್ಗಿ ಕಡೆ ಹೆಂಡತಿಯ ತವರಿನ ಹೊಲದಲ್ಲಿ ಇರುತ್ತಾರಂತೆ ಎಂದು ಅವ್ವ ಹೇಳಿದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಸೋರತದೇನ್ರಿ ಅವ್ವಾ?" ಎಂದು ಕೇಳಿ ಹೋದರಂತೆ.

ಆಮೇಲೆ ಅಣ್ಣನೇ ನಮ್ಮ ಮಾಲಕನಾದ. ಬಹಳ ಚೊಕ್ಕ ಮನುಷ್ಯ. ಚಿಲಕ ಸಡಿಲವಾದರೆ ಬೆಳಿಗ್ಗೆ ಹೇಳಿದರೆ ಸಂಜೆಗೆ ಬಡಿಗನನ್ನು ಕಳಿಸುತ್ತಿದ್ದ. ಅವ್ವ ಎದ್ದು ಓಡಾಡಿದಳು, ಇನ್ನೂ ಆರು ವರ್ಷ ಬದುಕಿದಳು. ಜೇವರ್ಗಿಗೆ ಒಮ್ಮೆ ಹೋಗಿ ಬರಬೇಕೆಂದು ಪ್ರತಿ ವರ್ಷ ಅಂದುಕೊಂಡೆ. ಗಂಟೆ ತಪ್ಪದೆ ಎಲ್ಲ ಕೆಲಸ ಮಾಡಿದವಳು ನಾನು, ಅದೊಂದನ್ನು ಮಾಡಲಿಲ್ಲ. ಹೋದ ಚಳಿಗಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮಣ್ಣೂರಿನ ಹೆಣ್ಣುಮಗಳೊಬ್ಬಳು, ನಮ್ಮ ಹಳೆಯ ಮಾಲಕರು ತೀರಿಕೊಂಡು ಎರಡು ವರ್ಷವಾಯಿತೆಂದಳು.

ಕಳೆದ ವಾರ ಆ ಸಂಜೆ ದೀಪ ಹಚ್ಚಿದ ಮೇಲೆ ಹಳೆಯ ಡೈರಿ ತೆಗೆದೆ. ಏಳು ಸೋಮವಾರಗಳು, ಏಳು ಸಾಲುಗಳು, "ಕೆಲಸ ಆಗಿಲ್ಲ." ಶುಕ್ರವಾರದ ಪುಟದಲ್ಲಿ "ಮಾಳಿಗೆ ಆಯಿತು" ಎಂದು ಬರೆದಿದ್ದೇನೆ. ಯಾರು ಮಾಡಿದರೆಂದು ಬರೆದಿಲ್ಲ. ಹೊರಗೆ ಹನಿ ಜೋರಾಗಿ ಸವಳಿನ ಗುಡ್ಡೆ ಕರಗುತ್ತಿತ್ತು. ಮನೆ ಬಿಟ್ಟುಹೋದ ಆ ಮಳೆಗಾಲ ಜೇವರ್ಗಿಯ ಹೊಲದಲ್ಲಿ ಅವರ ತಲೆಯ ಮೇಲೆ ಏನಿತ್ತೋ… ನಾನು ಕೇಳಲೇ ಇಲ್ಲ.