ಕಾರಿಗೆ ಹೇಳಿದ ಮಾತು

“ಗಾಡ್ಯಾಗ ನಿಮ್ಮ ಕೂಡ ಯಾರಿದ್ರು ಮೇಡಂ?” ಎಂದು ಹುಬ್ಬಳ್ಳಿಯ ಕಾರು ಸಾಮಾನಿನ ಅಂಗಡಿಯವರು ಕೇಳಿದಾಗ ನಾನು ಅವರ ಕೈಯ ಮೊಬೈಲಿನತ್ತ ಬಗ್ಗಿದೆ. ಕಾರಿನಲ್ಲಿ ಕೂತು ದಾರಿಯನ್ನು ಚಿತ್ರಿಸುವ ಡ್ಯಾಶ್‌ಕ್ಯಾಮ್ ಕೊಳ್ಳುವ ಮೊದಲು ಒಂದು ದಿನ ಹಾಕಿ ನೋಡ್ರಿ ಎಂದು ಹಿಂದಿನ ದಿನ ಅವರೇ ಕೂಡಿಸಿಕೊಟ್ಟಿದ್ದರು. ಈಗ ಚಿತ್ರ ಎಷ್ಟು ಛಲೋ ಬಂದಿದೆ ಎಂದು ತೋರಿಸುತ್ತಿದ್ದರು. ವಿಡಿಯೊ ತುಸು ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದರು. ಪರದೆಯಲ್ಲಿ ಸತ್ತೂರ ದಾಟಿತು, ಧಾರವಾಡದ ನನ್ನ ಮನೆಯ ಗೇಟು ಬಂತು, ಕಾರು ನಿಂತಿತು. ಆಗ ನನ್ನದೇ ದನಿ, ಮೆತ್ತಗೆ: “ಬರ್ತೇನ್ರಿ ಮತ್ತ.”

ಕಾರಿನಲ್ಲಿ ಇದ್ದವಳು ನಾನೊಬ್ಬಳೇ. ದಿನಾ ಹೀಗೆ ಹೇಳಿ ಇಳಿಯುತ್ತೇನೆ ಎಂಬುದು ನನಗೂ ಆಗಲೇ ಹೊಳೆದದ್ದು.

“ಯಾರೂ ಇದ್ದಿಲ್ರಿ” ಎಂದೆ.

ಅವರು ತಲೆ ಎತ್ತಲಿಲ್ಲ. “ಮನಿ ಮಾತು ರೆಕಾರ್ಡ್ ಆಗ್ತಾವಂತ ಭಾಳ ಮಂದಿ ಧ್ವನಿ ಬಂದ್ ಮಾಡಿಸ್ತಾರ್ರಿ. ಮಾಡ್ಲೇನ್ರಿ?”

ಮಾಡ್ರಿ ಎಂದೆ. ಅದೇ ಕ್ಯಾಮೆರಾ ಕೊಂಡೆ.

ಈಗ ಅದರಲ್ಲಿ ದಾರಿಯಷ್ಟೇ ಉಳಿಯುತ್ತದೆ. ಆದರೂ ಗೇಟಿನ ಮುಂದೆ ಬಾಯಿಗೆ ಬಂದ ಮಾತು, ಕನ್ನಡಿಯ ಪಕ್ಕದಲ್ಲಿ ಕ್ಯಾಮೆರಾದ ಸಣ್ಣ ದೀಪ ಕಂಡೊಡನೆ ಒಳಗೇ ನಿಲ್ಲುತ್ತದೆ. ಸುಮ್ಮನೆ ಇಳಿದು ಮನೆಯ ಬೀಗ ತೆಗೆಯುತ್ತೇನೆ. ಹೇಳಿ ಹೋಗಲು ನನಗಿದ್ದದ್ದು ಆ ಕಾರೊಂದೇ.